ಬೇಟೆಯ ಬೆಳಿಗ್ಗೆ ಒಂದು ಖುಬ್ಬೂಸ್

ಕತಾರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಫೆಬ್ರವರಿಯ ಬೆಳಗಿನಲ್ಲಿ ಅಲ್ ಶಮಾಲ್‌ನ ಬಯಲಿಗೆ ಬಂದು ನಿಂತವರು ಯಾರೂ ಅಲ್ಲಿಯ ಚಳಿಯ ಬಗ್ಗೆ ಹಗುರವಾಗಿ ಮಾತಾಡಲಾರರು. ಉಪ್ಪಿನಂಗಡಿ ಕಡೆಯ ಮೊಯ್ದಿನ್ ಹನ್ನೊಂದು ವರ್ಷದಿಂದ ಅಲ್ಲಿಯ ಬಡಗಣ ಗಾಳಿಯನ್ನು ಬೈಯುತ್ತಲೇ ಇದ್ದಾನೆ. ಎರಡು ಸ್ವೆಟರ್, ಮೇಲೊಂದು ಜಾಕೆಟ್, ಕಿವಿಗೆ ಮಫ್ಲರ್. ದೂರದಿಂದ ನೋಡಿದರೆ ಗೋಣಿಚೀಲವೇ ನಡೆದು ಬಂದಂತೆ ಕಾಣುತ್ತಾನೆ.

ಅವನ ಕೆಲಸ ಬೇಟೆನಾಯಿಗಳನ್ನು ನೋಡಿಕೊಳ್ಳುವುದು. ಯಜಮಾನ ಅಬು ನಾಸಿರ್‌ನ ಬಳಿ ಐದು ಸಲೂಕಿಗಳಿದ್ದವು. ಹಿಡಿಯಷ್ಟು ಸೊಂಟ, ಸಪೂರ ಕಾಲು, ಆಳವಾದ ಎದೆ. ಊರಿನಲ್ಲಿ ಅವನಂಥ ಬ್ಯಾರಿ ಮುಸ್ಲಿಮರ ಮನೆಯೊಳಗೆ ನಾಯಿಗೆ ಪ್ರವೇಶವಿಲ್ಲ. ಅದರ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲೊಂದು ಸಲ ಮಣ್ಣು ಹಾಕಿ. ಹಾಗಾಗಿ ಮೊದಲೆರಡು ವರ್ಷ ಅವನು ಮನೆಯಲ್ಲಿ 'ತೋಟದ ಕೆಲಸ' ಎಂದಷ್ಟೇ ಹೇಳಿದ್ದ. ಗುಟ್ಟು ರಟ್ಟಾದಾಗ ಹೆಂಡತಿ ಝೈನಬ ಮೂರು ದಿನ ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ತಾನೇ ಮಾಡಿ, "ಆಯ್ತು ಬಿಡಿ, ನಾಯಿಗೂ ಹಸಿವು ಅಂತ ಉಂಟಲ್ಲ. ಅವಕ್ಕೂ ಹಾಕಿ, ನೀವೂ ತಿನ್ನಿ" ಎಂದಳು. ಅಂದಿನಿಂದ ಅವಳ ಫೋನು ಶುರುವಾಗುವುದೇ "ಹೊಟ್ಟೆಗೆ ಎಂತ ತಿಂದ್ರಿ?" ಎಂದು.

ನಾಯಿಗಳಲ್ಲಿ ಹಿರಿಯಳು ರೀಮ್. ಕಣ್ಣು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡವಳನ್ನು ಮೊಯ್ದಿನ್ ತನ್ನ ಕೋಣೆಯಲ್ಲಿಟ್ಟು, ಆಡಿನ ಹಾಲು ಕುಡಿಸಿ ಬದುಕಿಸಿದ್ದ. 'ಮೋಳೆ' ಎಂದು ಕರೆಯುತ್ತಿದ್ದ. ಅವನ ಮನೆಮಾತಿನಲ್ಲಿ ಮಗಳೇ ಎಂದರ್ಥ. ಹೆತ್ತ ಮಗಳು ನಹ್ಲಾಳನ್ನು ಎತ್ತಿ ಆಡಿಸಲು ಅವನಿಗೆ ಸಿಕ್ಕಿದ್ದು ನಾಲ್ಕೇ ರಜೆ. ರೀಮ್‌ಳ ತಲೆ ಸವರದ ದಿನ ಒಂಬತ್ತು ವರ್ಷದಲ್ಲಿ ಹೆಚ್ಚಿಲ್ಲ.

ಯಜಮಾನನ ಬೇಲಿಯೊಳಗಿನ ಬಯಲಿನಲ್ಲಿ ಸಾಕಿದ ಹೌಬಾರ ಹಕ್ಕಿಗಳನ್ನು ಬಿಡುತ್ತಾರೆ. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ನಾಯಿ ಎಬ್ಬಿಸಬೇಕು, ಹಾರಿದ್ದನ್ನು ಗಿಡುಗ ಹಿಡಿಯಬೇಕು. ಈ ಚಳಿಗಾಲ ರೀಮ್ ಎರಡು ಸಲ ಅರ್ಧದಲ್ಲೇ ಕುಳಿತುಬಿಟ್ಟಳು.

"ಶುಕ್ರವಾರ ಈ ವರ್ಷದ ಕೊನೆಯ ಬೇಟೆ" ಎಂದ ಅಬು ನಾಸಿರ್. "ಓಡಿದರೆ ಇಲ್ಲೇ ಇರಲಿ. ಇಲ್ಲವೋ, ಖಲಾಸ್, ತಮ್ಮನ ಕುರಿಹಟ್ಟಿ ಕಾಯಲು ಕಳಿಸಿಬಿಡುತ್ತೇನೆ."

ಆ ಕುರಿಹಟ್ಟಿಯನ್ನು ಮೊಯ್ದಿನ್ ನೋಡಿದ್ದ. ನೆರಳಿಲ್ಲದ ಕಡೆ ಒಂದು ಗೂಟ, ಒಂದು ಸರಪಳಿ. ಆ ವಾರ ಅವನಿಗೆ ಅನ್ನ ರುಚಿಸಲಿಲ್ಲ.

ಬೇಟೆಗೆ ಹೊರಟ ನಾಯಿಗೆ ಹಿಂದಿನ ಸಂಜೆಯಿಂದ ಏನೂ ತಿನ್ನಿಸಬಾರದು. ಹೊಸಬರಿಗೆ ಈ ಪಾಠ ಹೇಳಿಕೊಡುತ್ತಿದ್ದವನೂ ಅವನೇ. ಆದರೆ ಶುಕ್ರವಾರ ಬೆಳಿಗ್ಗೆ ರೀಮ್ ಗಾಳಿಗೆ ಗಡಗಡ ನಡುಗುತ್ತ, ಅವನ ಕೈಯಲ್ಲಿದ್ದ ತಿಂಡಿಯನ್ನೇ ನೋಡುತ್ತಿದ್ದಳು. ಅಂಚೆಯವನನ್ನೂ ಗಂಜಿ ಕುಡಿಸದೆ ಕಳಿಸದ ಉಮ್ಮನ ಮಗ ಅವನು. ಬರಿಹೊಟ್ಟೆಯಲ್ಲಿ ಈ ಮುದುಕಿ ಹೇಗೆ ಓಡಿಯಾಳು ಎಂದುಕೊಂಡ. ಒಂದು ಇಡೀ ಖುಬ್ಬೂಸ್ ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ, "ಬೇಗ ತಿನ್ನು ಮೋಳೆ, ಯಾರಾದ್ರೂ ನೋಡಿಯಾರು" ಎಂದು ಮುಂದಿಟ್ಟ. ಅವಳು ತಟ್ಟೆ ನೆಕ್ಕಿ ಚೊಕ್ಕ ಮಾಡಿದಳು.

ಅವಳು ಓಡಿದಳು! ಎಳೆಯ ನಾಯಿಗಳನ್ನೆಲ್ಲ ಹಿಂದಿಕ್ಕಿ, ಬಯಲಿನ ಆಚೆ ಕೊನೆಯ ಪೊದೆಯಿಂದ ಹಕ್ಕಿಯನ್ನು ಎಬ್ಬಿಸಿದಳು. ಗಿಡುಗ ಎರಗಿತು. "ಮಾಶಾ ಅಲ್ಲಾಹ್! ಇವಳನ್ನು ಎಲ್ಲಿಗೂ ಕಳಿಸುವುದಿಲ್ಲ" ಎಂದು ಯಜಮಾನ ಕೂಗಿದ. ಮೊಯ್ದಿನ್ ಮಫ್ಲರಿನಿಂದ ಕಣ್ಣು ಒರೆಸಿಕೊಂಡು, ಹಾಳು ಗಾಳಿ ಎಂದು ಬೈದ.

ಗಂಟೆಯೊಳಗೆ ರೀಮ್‌ಳ ಹೊಟ್ಟೆ ಬಿಗಿದು ಉಬ್ಬಿತು. ವಾಂತಿಗೆ ಬಾಯಿ ತೆರೆಯುತ್ತಿದ್ದಳು, ಏನೂ ಬರುತ್ತಿರಲಿಲ್ಲ. ಪಿಕಪ್ಪಿನ ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊಯ್ದಿನ್ ಕುಳಿತ. ಜಾಕೆಟ್ ಬಿಚ್ಚಿ ಅವಳಿಗೆ ಹೊದಿಸಿದ. ಪಶುವೈದ್ಯನಿದ್ದ ಅಲ್ ಖೋರ್ ಪೇಟೆ ತಲುಪುವಷ್ಟರಲ್ಲಿ ಅವನ ಬೆರಳು ನೆಕ್ಕುತ್ತಿದ್ದ ನಾಲಿಗೆ ನಿಂತಿತ್ತು.

ಪಶುವೈದ್ಯ ಹೊಟ್ಟೆ ಮುಟ್ಟಿ ನೋಡಿದ. "ಜಠರ ತಿರುಚಿಕೊಂಡಿದೆ. ಓಡುವ ಮೊದಲು ಏನಾದರೂ ತಿನ್ನಿಸಿದ್ದಿರಾ?"

ಮೊಯ್ದಿನ್ ಬಾಯಿ ತೆರೆಯುವ ಮೊದಲೇ ಅಬು ನಾಸಿರ್ ಉತ್ತರಿಸಿದ: "ಇವನೇ? ಸಾಧ್ಯವೇ ಇಲ್ಲ. ನಾಯಿಯ ವಿಷಯದಲ್ಲಿ ಇವನಷ್ಟು ತಿಳಿದವರು ನನ್ನ ಬಳಿ ಬೇರೆ ಯಾರಿದ್ದಾರೆ?" ಎಂದವನು ಮೊಯ್ದಿನ್‌ನ ಹೆಗಲ ಮೇಲೆ ಕೈಯಿಟ್ಟ. "ಅವಳಿಗೆ ವಯಸ್ಸಾಗಿತ್ತು. ನೀನು ಚೆನ್ನಾಗಿ ನೋಡಿಕೊಂಡೆ."

ಮೊಯ್ದಿನ್ ತಲೆ ತಗ್ಗಿಸಿದ. ಆ ಹೆಗಲ ಮೇಲಿನ ಕೈಗಿಂತ ಕೆನ್ನೆಗೊಂದು ಏಟು ಬಿದ್ದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

ಮಧ್ಯಾಹ್ನ ಬೇಲಿಯ ಬಳಿ ಅವಳನ್ನು ಹೂತ. ಗುದ್ದಲಿ ಕೆಳಗಿಡುವ ಹೊತ್ತಿಗೆ ಝೈನಬಳ ಫೋನು.

"ಹೊಟ್ಟೆಗೆ ಎಂತ ತಿಂದ್ರಿ?"

"ಇಲ್ಲ. ನನ್ನ ಪಾಲಿನದ್ದನ್ನು ಬೆಳಿಗ್ಗೆ ರೀಮ್‌ಗೆ ಹಾಕಿದೆ." ಅವನು ಗುದ್ದಲಿಗೆ ಅಂಟಿದ ಮಣ್ಣನ್ನು ಕಾಲಿನಿಂದ ಕೆರೆದ.

"ಒಳ್ಳೆದೇ ಮಾಡಿದ್ರಿ" ಎಂದಳು ಝೈನಬ. "ಅಷ್ಟು ಚಳಿಗೆ ಪಾಪ ಅದನ್ನು ಖಾಲಿ ಹೊಟ್ಟೆಲಿ ಕಳಿಸ್ಲಿಕ್ಕೆ ಆಗ್ತದಾ?"

"ಹೂಂ" ಎಂದ ಮೊಯ್ದಿನ್.