ನಕ್ಷೆ ಹಿಡಿಯುವ ಸೀಟು

ಎಪ್ಪತ್ತರ ದಶಕದ ಶುರುವಿನಲ್ಲಿ ನಾವು ಹ್ಯೂಸ್ಟನ್‌ನಲ್ಲಿದ್ದೆವು. ಡಾಲಸ್ಸಿಗಾಗಲಿ ಆಸ್ಟಿನ್ನಿಗಾಗಲಿ ಹೊರಟರೆ ಡ್ರೈವ್ ಮಾಡುವುದು ನನ್ನ ಗಂಡ, ತೊಡೆಯ ಮೇಲೆ ನಕ್ಷೆ ಹರಡಿಕೊಂಡು ದಾರಿ ಹೇಳುವುದು ನಾನು. ಓಡುವ ಕಾರಿನಲ್ಲಿ ತಲೆ ತಗ್ಗಿಸಿ ಏನನ್ನಾದರೂ ಓದಿದರೆ ಸಾಕು, ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಅಮೆರಿಕನ್ ಡಾಕ್ಟರೊಬ್ಬನಿಗೆ ಮರುಭೂಮಿ ರೇಸಿನ ಹುಚ್ಚು. ಪಶ್ಚಿಮ ಟೆಕ್ಸಾಸಿನ ಕಲ್ಲು, ಮರಳು, ಒಣಹಳ್ಳಗಳ ಮೇಲೆ ಬೆಳಗಿನಿಂದ ಸಂಜೆಯವರೆಗೆ ಜೀಪು ಓಡಿಸಬೇಕು. ಪಕ್ಕದಲ್ಲಿ ಕೂತು ನಕ್ಷೆ ನೋಡಿ ದಾರಿ ಹೇಳಲು ಒಬ್ಬರು ಬೇಕು. ಅವನು ಕರೆದದ್ದು ನನ್ನ ಗಂಡನನ್ನು. ಇವರೂ ಹೂಂ ಅಂದು ಬಂದರು.

ನನಗೆ ಹೊಟ್ಟೆ ಉರಿದುಹೋಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದ ಇವರಿಗೆ, ಒಲೆಯ ಮುಂದಿನಿಂದಲೇ "ಚೆನ್ನಾಗಿದೆ" ಅಂದೆ.

ರೇಸಿನ ಬೆಳಿಗ್ಗೆ, ಊರಿನಲ್ಲಿ ಘಾಟಿಯ ಬಸ್ಸು ಹತ್ತುವಾಗಿನ ಹಾಗೆ, ಜೀಪು ಹತ್ತಲಿದ್ದ ಇವರ ಮುಂದೆ ಒಂದು ನಿಂಬೆಹಣ್ಣು ಚಾಚಿದೆ. "ರೀ, ಜೇಬಲ್ಲಿಟ್ಕೊಳ್ಳಿ. ಹೊಟ್ಟೆ ತೊಳಸಿದ್ರೆ ಮೂಸ್ತಾ ಇರಿ."

ಅದೇನು ಎಂದು ಅಮೆರಿಕನ್ ಕೇಳಿದ. ಇವರ ಮುಖ ಕೆಂಪಾಯಿತು. ಹಣ್ಣನ್ನು ಕಿತ್ತುಕೊಂಡು ಮುಂದಿನ ಚಕ್ರದಡಿ ಇಟ್ಟು, ನಮ್ಮ ಕಡೆ ಗಾಡಿ ಹೊರಡುವಾಗ ಹೀಗೊಂದು ಪದ್ಧತಿ ಎಂದು ದೊಡ್ಡದಾಗಿ ವಿವರಿಸಿದರು. ಜೀಪು ಹೊರಟಿತು. ನಿಂಬೆಹಣ್ಣು ಪಚಕ್ಕೆಂದಿತು.

ಮೊದಲ ತಂಗುದಾಣದಲ್ಲಿ ರೇಸಿಗೆ ಹೋದವರ ಮನೆಯವರೆಲ್ಲ ನೀರು ಹಿಡಿದು ಕಾಯುತ್ತಿದ್ದೆವು. ಇವರು ಇಳಿದವರೇ ಪೊದೆಯ ಹಿಂದೆ ಹೋಗಿ ಕಕ್ಕಿ, ಅಲ್ಲೇ ಕುಸಿದು ಕೂತರು. ಅಷ್ಟರೊಳಗೇ ಎರಡು ಸಲ ದಾರಿ ತಪ್ಪಿಸಿದ್ದರಂತೆ. ಜೀಪಿನಲ್ಲಿ ಇಬ್ಬರು ಇರಲೇಬೇಕೆಂಬುದು ನಿಯಮ. ಯಾರಿಗಾದರೂ ನಕ್ಷೆ ಓದಲು ಬರುತ್ತದೆಯೇ ಎಂದು ಅಮೆರಿಕನ್ ಕೂಗಿದ. ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ತಲೆಯಿಂದಲೇ ಹೆಲ್ಮೆಟ್ ತೆಗೆದುಕೊಂಡೆ.

ಸಂಜೆ ಎಲ್ಲರಿಗಿಂತ ಕೊನೆಗೆ ಮುಟ್ಟಿದೆವು. ಮೈಯೆಲ್ಲ ಹಣ್ಣಾಗಿತ್ತು, ಬಾಯಿತುಂಬ ಮರಳು. ಆದರೆ ನಾನು ಕೂತ ಮೇಲೆ ಒಂದು ಸಲವೂ ದಾರಿ ತಪ್ಪಲಿಲ್ಲ. ಬಂದವರೆಲ್ಲ ನನ್ನ ಕೈ ಕುಲುಕಿದರು. ಇವರೂ ಚಪ್ಪಾಳೆ ತಟ್ಟಿದರು, ಮುಖ ಮಾತ್ರ ಹುಳ್ಳಗಿತ್ತು.

ಮುಂದಿನ ವಾರ ಡಾಲಸ್ಸಿನ ಸ್ನೇಹಿತರ ಮನೆಗೆ ಹೊರಟೆವು. ಅಭ್ಯಾಸದಂತೆ ನಕ್ಷೆಗೆ ಕೈ ಚಾಚಿದೆ. ಇವರು ಅದನ್ನು ಮಡಚಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು.

"ನಂಗೆ ದಾರಿ ಗೊತ್ತು ಬಿಡೇ."

ಆ ಉರಿಯ ಗುರುತು ನನಗೆ ಚೆನ್ನಾಗಿತ್ತು. ಮೊನ್ನೆಮೊನ್ನೆಯವರೆಗೆ ಅದು ನನ್ನ ಹೊಟ್ಟೆಯಲ್ಲೇ ಇತ್ತಲ್ಲ! ಡಾಲಸ್ ಸೇರಿದ ಮೇಲೆ ಸ್ನೇಹಿತರ ಮನೆಯ ತಿರುವು ಬಲಗಡೆ ಬಂತು, ದಾಟಿಯೂ ಹೋಯಿತು. ಇವರು ನೆಟ್ಟಗೆ ಓಡಿಸುತ್ತಲೇ ಇದ್ದರು. ನಾನಾಗಿ ಹೇಳಲಿ ಎಂದು ಇವರು, ಇವರಾಗಿ ಕೇಳಲಿ ಎಂದು ನಾನು.