ಹುಡುಗಿಯರು ಮುಟ್ಟಿದ ಕಂಪ್ಯೂಟರು

“ಏನ್ ಮಾಡಿದ್ರಿ ಮೇಡಂ ಅದಕ್ಕೆ?”

ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತು ನಮ್ಮ ಹೆಡ್‌ಮಾಸ್ಟರು ಕೇಳಿದ ಮೊದಲ ಮಾತು ಇದು. ಏನಾಯಿತು ಎಂದು ಕೇಳಬಹುದಿತ್ತು. ಯಾವಾಗಿನಿಂದ ಹೀಗೆ ಎಂದು ಕೇಳಬಹುದಿತ್ತು. ಅದೆಲ್ಲ ಬಿಟ್ಟು, ನಾನೇ ಏನೋ ಮಾಡಿದ್ದೇನೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು ಬಂದಿದ್ದರು. ಇವತ್ತಿಗೂ ಆ ಪ್ರಶ್ನೆ ನೆನಪಾದರೆ ನನಗೆ ಮೈ ಉರಿಯುತ್ತದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಡೂರಿನ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಮನೆ ಅಜ್ಜಂಪುರದಲ್ಲಿ. ಬೆಳಿಗ್ಗೆ ರೈಲಿನಲ್ಲಿ ಬೀರೂರಿಗೆ ಬರುತ್ತಿದ್ದೆ. ಅಷ್ಟು ಹೊತ್ತಿಗೆ ತರೀಕೆರೆ ಕಡೆಯ ರೈಲಿನಿಂದ ನಮ್ಮ ವಿಜ್ಞಾನದ ಟೀಚರ್ ಇಳಿದಿರುತ್ತಿದ್ದರು. ಅಲ್ಲಿಂದ ಇಬ್ಬರೂ ಬಸ್ಸು ಹತ್ತಿ ಕಡೂರಿಗೆ ಹೋಗುತ್ತಿದ್ದೆವು. ಅವರು ತರೀಕೆರೆಯ ಹಳೆಯ ಮುಸ್ಲಿಂ ಮನೆತನದವರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು. ಅವರ ತಂಗಿಯರು ಕರೆಯುವ ಹಾಗೆ ನಾನೂ ಅವರನ್ನು ಆಪಾ ಎಂದೇ ಕರೆಯುತ್ತಿದ್ದೆ.

ನಮ್ಮ ಶಾಲೆಗೆ ಬಂದ ಕಂಪ್ಯೂಟರು ಹೊಸದೇನಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು ಊರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಬೆಂಗಳೂರಿನ ಅವರ ನೆಂಟರೊಬ್ಬರ ಆಫೀಸಿನಲ್ಲಿ ದುಡಿದು ಸವೆದ ಯಂತ್ರ ಅದು. ಅವರಿಗೆ ಹೊಸದು ಬಂತು, ಹಳೆಯದು ನಮ್ಮ ಪಾಲಿಗೆ ದಾನವಾಗಿ ಬಂತು. ಆದರೂ ಅದಕ್ಕೆ ಸಿಕ್ಕ ಮರ್ಯಾದೆ ಏನು ಹೇಳಲಿ! ಒಂದು ಕೋಣೆಗೆ ಸುಣ್ಣ ಬಳಿಸಿದರು, ಕಿಟಕಿಗೆ ಪರದೆ ಹಾಕಿದರು, ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು ತೂಗುಹಾಕಿದರು. ಹೊಲಿಗೆ ತರಗತಿಯ ಮಕ್ಕಳು ಅದಕ್ಕೆ ಮಖಮಲ್ಲಿನ ಮುಸುಕು ಹೊಲಿದರು. ಕರೆಂಟು ಏರಿಳಿದರೆ ಯಂತ್ರ ಹಾಳಾಗುತ್ತದೆ ಎಂದು ಶಾಲೆಯ ವತಿಯಿಂದ ಒಂದು ದೊಡ್ಡ ಸ್ಟೆಬಿಲೈಸರ್ ಕೂಡ ತಂದರು. ಮುಂಭಾಗದಲ್ಲಿ ಮುಳ್ಳು ಓಡಾಡುವ ಬೂದು ಬಣ್ಣದ ಪೆಟ್ಟಿಗೆ.

ಅದನ್ನು ನಡೆಸುವುದನ್ನು ಆಪಾ ಮತ್ತು ನಾನು ದಪ್ಪದೊಂದು ಇಂಗ್ಲಿಷ್ ಪುಸ್ತಕ ಓದಿಯೇ ಕಲಿತೆವು. ಬಸ್ಸಿನಲ್ಲಿ ಅವರು ಒಂದು ಪುಟ, ನಾನು ಒಂದು ಪುಟ. ಮಧ್ಯಾಹ್ನದ ಮೇಲೆ ಹುಡುಗಿಯರನ್ನು ಸಣ್ಣ ಸಣ್ಣ ಗುಂಪು ಮಾಡಿ ಕೂರಿಸುತ್ತಿದ್ದೆವು. ಕಪ್ಪು ಪರದೆಯ ಮೇಲೆ ತಮ್ಮ ಹೆಸರು ಹಸಿರು ಅಕ್ಷರದಲ್ಲಿ ಮೂಡಿದಾಗ ಆ ಮಕ್ಕಳು ನಗುತ್ತಿದ್ದ ನಗು! ದೇವನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಹತ್ತನೇ ಕ್ಲಾಸಿನ ಒಬ್ಬ ಹುಡುಗಿಯಂತೂ ನನಗಿಂತ ಬೇಗ ಕಲಿತಳು. ನಾನು ಪುಸ್ತಕ ಹುಡುಕುವಷ್ಟರಲ್ಲಿ ಅವಳ ಬೆರಳು ಸರಿಯಾದ ಗುಂಡಿಯ ಮೇಲಿರುತ್ತಿತ್ತು.

ದೀಪಾವಳಿ ರಜೆ ಮುಗಿಸಿ ಬಂದಾಗ ಸ್ಟೆಬಿಲೈಸರ್ ಇರಲಿಲ್ಲ. ರಿಪೇರಿಗೆ ಹೋಗಿದೆ ಎಂದರು ಹೆಡ್‌ಮಾಸ್ಟರು. ಅದಿಲ್ಲದೆಯೂ ಕೆಲವು ವಾರ ಯಂತ್ರ ನಡೆಯಿತು. ನಾವೂ ಅದರ ಯೋಚನೆ ಬಿಟ್ಟೆವು.

ಆಮೇಲೊಂದು ಮಧ್ಯಾಹ್ನ ದೇವನೂರಿನ ಹುಡುಗಿ ಎಂದಿನಂತೆ ಸ್ವಿಚ್ಚು ಹಾಕಿದಳು. ಒಳಗಿನ ಫ್ಯಾನು ಕಿರ್ ಎಂದು ಅರೆ ಸುತ್ತು ತಿರುಗಿ ನಿಂತಿತು. ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಹಾಕಿದೆವು. ಅದೇ ಕಿರ್, ಅದೇ ಕಪ್ಪು. ಹೆಡ್‌ಮಾಸ್ಟರಿಗೆ ಸುದ್ದಿ ಹೋಯಿತು, ಅವರು ಬಂದು ಆ ಪ್ರಶ್ನೆ ಕೇಳಿದರು.

ಮರುದಿನದಿಂದ ದಿನಾ ಮಧ್ಯಾಹ್ನ ಆಪಾ ಮತ್ತು ನಾನು ಅದರ ಹಿಂದೆ ಬಿದ್ದೆವು. ಪ್ಲಗ್ಗು ಸಡಿಲವಿದೆಯೇ ನೋಡಿದೆವು, ಇರಲಿಲ್ಲ. ಫ್ಯೂಸು ತೆಗೆದು ಹೊಸ ತಂತಿ ಸುತ್ತಿದೆವು. ಬೇರೆ ವೈರು ಹಾಕಿ ನೋಡಿದೆವು. ಪುಸ್ತಕ ಮುಂದಿಟ್ಟುಕೊಂಡು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಒಳಗೆ ಒಂದು ಪದರ ಧೂಳು ಕೂತಿತ್ತು. ಪೇಂಟಿಂಗ್ ಬ್ರಷ್ಷಿನಲ್ಲಿ ಧೂಳು ತೆಗೆದು, ಒಳಗಿನ ಕಾರ್ಡುಗಳನ್ನು ಒಂದೊಂದಾಗಿ ಕಿತ್ತು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆವು. ಯಾವುದಕ್ಕೂ ಅದು ಜಗ್ಗಲಿಲ್ಲ.

ಆಗ ಬೆಂಗಳೂರಿನಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ಆತ ನಡು ಮಧ್ಯಾಹ್ನ ಬಂದು, ಸ್ವಿಚ್ಚು ಹಾಕಿ, ಕಿರ್ ಎನ್ನುವುದನ್ನು ಕೇಳಿ, ಮುಚ್ಚಳ ತೆಗೆದು ಇಣುಕಿದ. ನಾವು ಮಾಡಿ ನೋಡಿದ್ದನ್ನೆಲ್ಲ ಆಪಾ ಹೇಳಲು ಹೋದರೆ ಕೈ ಅಡ್ಡ ಹಿಡಿದ. ಹೆಡ್‌ಮಾಸ್ಟರ ಕಡೆ ತಿರುಗಿ, “ಲೇಡೀಸ್ ಹ್ಯಾಂಡಲ್ ಮಾಡ್ತಿದ್ರಾ ಸಾರ್?” ಎಂದ. ಹೌದು ಎಂದರು. “ಹಂಗಾದ್ರೆ ಮುಗೀತು ಬಿಡಿ. ಮದರ್ ಬೋರ್ಡ್ ಹೋಗಿದೆ” ಎಂದು ಹೇಳಿ, ಕಾಫಿ ಕುಡಿದು ಹೋದ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಎಷ್ಟು ಬರುತ್ತಿದೆ ಎಂದು ಆತ ನೋಡಲೂ ಇಲ್ಲ, ಕೇಳಲೂ ಇಲ್ಲ.

ಆ ಮಾತು ಅಧ್ಯಕ್ಷರ ಕಿವಿಗೆ ಬಿತ್ತು. ಮರುದಿನ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆದು, ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಾ, ತಲೆ ಎತ್ತದೆ ಹೇಳಿದರು.

“ಅಧ್ಯಕ್ಷರು ಕೇಳ್ತಿದಾರೆ ಮೇಡಂ. ಆವತ್ತು ಮಿಷನ್ ಮುಟ್ಟಿದ ಹುಡುಗೀರಲ್ಲಿ ಯಾರಾದ್ರೂ ಹೊರಗಾಗಿದ್ರಾ ಅಂತ... ನೀವು ಹೆಂಗಸರು, ನೀವೇ ಕೇಳ್ಬಿಟ್ರೆ ಒಳ್ಳೇದು.”

“ಸಾರ್, ಅದು ದೇವರ ಕೋಣೆ ಅಲ್ಲ. ತಗಡಿನ ಡಬ್ಬ. ಅದಕ್ಕೇನ್ ಗೊತ್ತಾಗ್ತದೆ?”

“ಪೂಜೆ ಮಾಡಿ ಶುರು ಮಾಡಿದ್ದಲ್ವೇನ್ರೀ?”

“ನಾನು ಕೇಳಲ್ಲ ಸಾರ್. ಯಾರೂ ಕೇಳಬಾರದು” ಎಂದು ಎದ್ದು ಬಂದೆ.

ನಾನು ಕೇಳದಿದ್ದರೆ ಏನಂತೆ, ಹೊಲಿಗೆ ಟೀಚರಿಗೆ ಹೇಳಿ ಕೇಳಿಸಿದರು. ಅದೂ ತರಗತಿಯಲ್ಲಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಉಳಿದವರೆಲ್ಲ ಇಲ್ಲ ಎಂದರಂತೆ. ದೇವನೂರಿನ ಹುಡುಗಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ. ಹೌದು ಎಂದಳು. ಸಂಜೆಯೊಳಗೆ ಇಡೀ ಶಾಲೆಗೆ ಗೊತ್ತಾಯಿತು, ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಗೊತ್ತಾಯಿತು. ಮರುದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಂಪ್ಯೂಟರ್ ಕೋಣೆಗೆ ಬೀಗ ಬಿತ್ತು.

ಆ ವಾರವೆಲ್ಲ ಬಸ್ಸಿನಲ್ಲಿ ನಮ್ಮಿಬ್ಬರಿಗೂ ಅದೇ ಮಾತು. ಆಪಾ ಹೆಚ್ಚು ಸಿಟ್ಟಾಗುವವರಲ್ಲ, ಆದರೆ ಆಗ ಕೈಯಲ್ಲಿದ್ದ ಪುಸ್ತಕವನ್ನು ರಪ್ಪನೆ ಮುಚ್ಚಿದರು. “ನೋಡಿ, ಮಷೀನು ಸತ್ತಿಲ್ಲ. ಸತ್ತಿದ್ರೆ ಆ ಕಿರ್ ಅನ್ನೋ ಸದ್ದು ಎಲ್ಲಿಂದ ಬರ್ತಿತ್ತು? ಎದ್ದೇಳೋಕೆ ನೋಡ್ತಾ ಇದೆ, ಆಗ್ತಾ ಇಲ್ಲ” ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಮೇಲಿನ ಟ್ಯೂಬ್‌ಲೈಟು ಮಿಣಕ್ ಮಿಣಕ್ ಎನ್ನುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಫ್ಯಾನಿನ ರೆಕ್ಕೆಗಳನ್ನು ಬೇಕಾದರೆ ಎಣಿಸಬಹುದಿತ್ತು. ಚಳಿಗಾಲ ಬಂದರೆ ಕಡೂರಿನ ಸುತ್ತಲಿನ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೇ ಓಡಲು ಶುರುವಾಗುತ್ತವೆ, ಊರಿನ ಕರೆಂಟೆಲ್ಲ ಅವೇ ಹೀರುತ್ತವೆ. ಟ್ಯೂಬ್‌ಲೈಟಿಗೇ ಸಾಲದ ಕರೆಂಟು ಕಂಪ್ಯೂಟರಿಗೆ ಎಲ್ಲಿ ಸಾಕಾಗಬೇಕು? ಇಷ್ಟು ದಿನ ಇದೇ ಟ್ಯೂಬ್‌ಲೈಟಿನ ಕೆಳಗೆ ಕೂತು ನಾವು ಮದರ್ ಬೋರ್ಡಿನ ಶೋಕ ಮಾಡುತ್ತಿದ್ದೆವು.

ಶನಿವಾರ ಬೆಳಗಿನ ಶಾಲೆ. ಅಷ್ಟು ಹೊತ್ತಿಗೆ ತೋಟಗಳಿಗೆ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ಬಿಟ್ಟಿರುವುದಿಲ್ಲ. ಆಫೀಸಿನ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಹೋಗಿ, ಆಪಾ ಮತ್ತು ನಾನು ಮಖಮಲ್ಲಿನ ಮುಸುಕು ಎಳೆದೆವು. ಕೋಣೆಯ ಟ್ಯೂಬ್‌ಲೈಟು ಒಂದೇ ಏಟಿಗೆ ಹತ್ತಿಕೊಂಡಿತು. ನಾನು ಕಂಪ್ಯೂಟರಿನ ಸ್ವಿಚ್ಚು ಹಾಕಿದೆ. ಫ್ಯಾನು ಕಿರ್ ಎಂದಿತು, ನಿಲ್ಲಲಿಲ್ಲ. ಒಳಗಿನಿಂದ ಪೀಂ ಎಂಬ ಸದ್ದು ಬಂತು. ಹಸಿರು ಅಕ್ಷರಗಳು ಒಂದರ ಕೆಳಗೊಂದು ಓಡಿದವು. ಆಪಾ “ಯಾ ಅಲ್ಲಾ” ಎಂದು ಬೆಂಚಿನ ಮೇಲೆ ಕೂತುಬಿಟ್ಟರು.

ನನಗೆ ಸಂತೋಷವಾಗಬೇಕಿತ್ತು. ಆದರೆ ಬಂದದ್ದು ಸಿಟ್ಟು. ಹೆಡ್‌ಮಾಸ್ಟರನ್ನು ಕರೆತಂದು ತೋರಿಸಿದೆ. ಅವರು ಪರದೆಯನ್ನು ನೋಡಿದರು, ನಮ್ಮನ್ನು ನೋಡಿದರು.

“ಸಾರ್, ವೋಲ್ಟೇಜ್ ಸಾಲದೆ ನಿಂತಿತ್ತು, ಅಷ್ಟೆ. ಸ್ಟೆಬಿಲೈಸರ್ ಯಾವ ಅಂಗಡಿಗೆ ರಿಪೇರಿಗೆ ಕೊಟ್ಟಿದೀರಿ ಹೇಳಿ, ನಾವೇ ಹೋಗಿ ತರ್ತೀವಿ.”

“ಬತ್ತದೆ ಬಿಡ್ರೀ. ಅದನ್ನ ಕಟ್ಕೊಂಡು ನಿಮಗೇನಾಗ್ಬೇಕು?” ಎಂದು ಹೊರಟೇಹೋದರು.

ಸಂಕ್ರಾಂತಿ ಬಂತು. ಪ್ರತಿ ವರ್ಷದಂತೆ ಅಧ್ಯಕ್ಷರ ಹೆಂಡತಿ ಶಾಲೆಯ ಟೀಚರುಗಳನ್ನೆಲ್ಲ ಎಳ್ಳು ಬೀರಲು ಮನೆಗೆ ಕರೆದರು. ಒಳ್ಳೆಯ ಮನಸ್ಸಿನ ಹೆಂಗಸು. ಆಪಾಗೂ ಅಷ್ಟೇ ವಿಶ್ವಾಸದಿಂದ ಎಳ್ಳು ಸಕ್ಕರೆ ಅಚ್ಚು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು. ನಡುಮನೆಯ ಮೂಲೆಯಲ್ಲಿ ಬಣ್ಣದ ಟೀವಿ ಓಡುತ್ತಿತ್ತು. ಅದರ ಕೆಳಗಿನ ಸ್ಟೂಲಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದುಕೊಂಡು, ಮುಳ್ಳು ಅಲ್ಲಾಡಿಸುತ್ತಾ ನಮ್ಮ ಬೂದು ಬಣ್ಣದ ಪೆಟ್ಟಿಗೆ ಕೂತಿತ್ತು.

ನನ್ನ ಕೈಯಲ್ಲಿನ ಎಳ್ಳಿನ ತಟ್ಟೆ ಹಾಗೇ ನಿಂತಿತು. ಆಪಾ ನನ್ನ ಮೊಣಕೈ ಒತ್ತಿದರು, ಸುಮ್ಮನಿರು ಎಂಬಂತೆ. ಸುಮ್ಮನಿರಲು ನನ್ನಿಂದಾಗಲಿಲ್ಲ.

“ಅಮ್ಮಾ, ಈ ಪೆಟ್ಟಿಗೆ ಎಲ್ಲಿದು?”

“ಅದಾ? ಇಸ್ಕೂಲಿಂದ ತಂದ್ರು ಕಣಮ್ಮ. ಟೀವಿ ಚಿತ್ರ ಸಣ್ಣಕ್ಕೆ ಕುಗ್ಗೋಗ್ತಿತ್ತು. ಅಲ್ಲಿ ಸುಮ್ನೆ ಬಿದ್ದಿತ್ತಂತೆ.”

ನಾನು ಎಲ್ಲವನ್ನೂ ಹೇಳಿದೆ, ದನಿ ತಗ್ಗಿಸದೆ. ಈ ಪೆಟ್ಟಿಗೆ ಇಲ್ಲದೆ ಕಂಪ್ಯೂಟರು ನಿಂತಿದ್ದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಬಾರದ್ದನ್ನು ಕೇಳಿದ್ದು, ಒಬ್ಬಳು ಪರೀಕ್ಷೆಯ ವರ್ಷದಲ್ಲಿ ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದು. ಬಂದಿದ್ದ ಹೆಂಗಸರೆಲ್ಲ ನಮ್ಮ ಕಡೆ ತಿರುಗಿದರು. ಟೀವಿ ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಿತ್ತು. ಆ ತಾಯಿಯ ಮುಖ ಕೆಂಪಾಯಿತು. “ನನಗೂ ಎರಡು ಹೆಣ್ಣುಮಕ್ಕಳವೆ” ಎಂದಷ್ಟೇ ಹೇಳಿ, ಎದ್ದು ಹೋಗಿ ಟೀವಿಯ ಸ್ವಿಚ್ಚು ಆರಿಸಿದರು.

ಮರುದಿನ ಮಂಡಿಯ ಆಳೊಬ್ಬ ಪೆಟ್ಟಿಗೆಯನ್ನು ತಂದು ಶಾಲೆಯ ಜಗಲಿಯ ಮೇಲಿಟ್ಟು ಹೋದ. ನಡು ಮಧ್ಯಾಹ್ನ ಕಂಪ್ಯೂಟರು ಪೀಂ ಎಂದು ಎದ್ದಿತು. ಹೆಡ್‌ಮಾಸ್ಟರ ಮುಖದಲ್ಲಿ ಏನೂ ನಡೆದೇ ಇಲ್ಲವೆಂಬಂಥ ಶಾಂತಿ.

“ಸರಿಹೋಯ್ತಲ್ಲ ಮೇಡಂ. ಇನ್ನು ಬಿಟ್ಬಿಡಿ.”

“ಯಂತ್ರ ಸರಿಹೋಯ್ತು ಸಾರ್. ಮಕ್ಕಳ ಮೇಲೆ ಹಾಕಿದ ಮಾತು? ನಾಳೆ ಪ್ರೇಯರ್‌ನಲ್ಲಿ ನೀವೇ ಹೇಳ್ಬೇಕು, ಅವರದೇನೂ ತಪ್ಪಿರಲಿಲ್ಲ ಅಂತ.”

“ಅಧ್ಯಕ್ಷರ ಮರ್ಯಾದೆ ಏನಾಗ್ಬೇಕು?”

ಅಧ್ಯಕ್ಷರ ಮರ್ಯಾದೆ! ಹದಿಹರೆಯದ ಹುಡುಗಿಯ ಮರ್ಯಾದೆ ಬಸ್ ಸ್ಟ್ಯಾಂಡಿನಲ್ಲಿ ಹರಾಜಾದಾಗ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಪ್ರೇಯರ್‌ನಲ್ಲಿ ಅವರು ಸಮವಸ್ತ್ರದ ಬಗ್ಗೆ ಮಾತಾಡಿ ಇಳಿದರು. ಅವರು ಇಳಿದ ಮೆಟ್ಟಿಲನ್ನು ನಾನು ಹತ್ತಿದೆ. ಮಕ್ಕಳ ಕಡೆ ತಿರುಗಿ ಹೇಳಿದೆ: “ಮಕ್ಕಳೇ, ಕಂಪ್ಯೂಟರು ಕೆಟ್ಟಿರಲಿಲ್ಲ. ಕರೆಂಟು ಸಾಲದೆ ನಿಂತಿತ್ತು. ಸ್ಟೆಬಿಲೈಸರನ್ನು ದೊಡ್ಡವರು ತೆಗೆದುಕೊಂಡು ಹೋಗಿದ್ದರು, ಈಗ ವಾಪಸ್ ಬಂದಿದೆ. ನಿಮ್ಮಲ್ಲಿ ಯಾರು ಯಾವ ದಿನ ಮುಟ್ಟಿದರೂ ಅದಕ್ಕೆ ಏನೂ ಆಗುವುದಿಲ್ಲ.” ಸಂಜೆ ನನಗೆ ಶಿಸ್ತು ಮೀರಿದ್ದಕ್ಕಾಗಿ ಮೆಮೊ ಬಂತು. ತೆಗೆದುಕೊಂಡೆ.

ಆ ಭಾನುವಾರ ಆಪಾ ಮತ್ತು ನಾನು ದೇವನೂರಿಗೆ ಹೋದೆವು. ಹುಡುಗಿ ಅಡುಗೆಮನೆಯ ಬಾಗಿಲಿನಾಚೆ ನಿಂತಿದ್ದಳು, ಹೊರಗೆ ಬರಲಿಲ್ಲ. ಅವಳ ತಾಯಿ ನಮಗೆ ಚಾಪೆ ಹಾಸಿ, ನಾವು ಹೇಳಿದ್ದನ್ನೆಲ್ಲ ಕೇಳಿ, “ಅಷ್ಟ್ ಬೆಲೆ ಬಾಳೋ ಮಿಷನ್ನು ನನ್ನ ಮಗಳು ಮುಟ್ಟಿ ಹಾಳಾಯ್ತಲ್ಲ ಅಂತ ಒಂದಿನ ಸರಿಯಾಗಿ ಉಂಡಿಲ್ಲ ಕಣ್ರವ್ವ ನಾವು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಪಾ ಎದ್ದು ಅಡುಗೆಮನೆಗೇ ಹೋಗಿ, ಹುಡುಗಿಯ ಪಕ್ಕದಲ್ಲಿ ಕೂತು, ಬಹಳ ಹೊತ್ತು ಮೆಲ್ಲಗೆ ಮಾತಾಡಿದರು.

ಸೋಮವಾರ ಅವಳು ಬಂದಳು. ಓದಿ, ಪರೀಕ್ಷೆ ಬರೆದು, ಒಳ್ಳೆಯ ಅಂಕ ತೆಗೆದು ಪಾಸಾದಳು. ಕಂಪ್ಯೂಟರ್ ತರಗತಿಗೂ ಬರುತ್ತಿದ್ದಳು. ಆದರೆ ಗೋಡೆಗೆ ಒರಗಿ, ಎರಡೂ ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಬೇರೆಯವರು ತಪ್ಪಿದರೆ ಯಾವ ಗುಂಡಿ ಒತ್ತಬೇಕೆಂದು ಅಲ್ಲಿಂದಲೇ ಹೇಳುತ್ತಿದ್ದಳು. ಬಾರಮ್ಮ, ನೀನೇ ಒತ್ತು ಎಂದು ನಾನು ಎಷ್ಟು ಕರೆದರೂ ತಲೆ ಅಲ್ಲಾಡಿಸುತ್ತಿದ್ದಳು. ಶಾಲೆ ಬಿಡುವ ದಿನದವರೆಗೂ ಅವಳು ಅದನ್ನು ಮುಟ್ಟಲಿಲ್ಲ.

ಆ ವರ್ಷದ ವಾರ್ಷಿಕೋತ್ಸವದಲ್ಲಿ ಅಧ್ಯಕ್ಷರು ಮೈಕು ಹಿಡಿದು, ನಮ್ಮೂರಿನ ಹೆಣ್ಣುಮಕ್ಕಳು ಕಂಪ್ಯೂಟರ್ ಕಲಿಯಲೆಂದು ತಾವು ಪಟ್ಟ ಶ್ರಮವನ್ನು ವರ್ಣಿಸಿದರು. ಜೋರಾಗಿ ಚಪ್ಪಾಳೆ ಬಿತ್ತು. ಆಪಾ ತಮ್ಮ ಚೀಲ ಎತ್ತಿಕೊಂಡರು, ನಾನು ನನ್ನದನ್ನು ಎತ್ತಿಕೊಂಡೆ. ಮುಂದಿನ ಸಾಲಿನಿಂದ, ಎಲ್ಲರಿಗೂ ಕಾಣುವಂತೆ ಎದ್ದು, ಬೀರೂರಿನ ಬಸ್ಸು ಹಿಡಿಯಲು ಹೊರಟೆವು.