ಕೈ ಜೇಬಿಗೆ, ಕಣ್ಣು ಕೊಕ್ಕೆಗೆ

ದ್ಯುರಾನ್ಸ್ ಕಣಿವೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಸೋಲಾಂಜ್ ರೇನಿಯೆ ಆಗಲೇ ನೆಲ ಬಿಟ್ಟಿದ್ದಾರೆ. ಜೋಡಣಾ ಶೆಡ್ಡಿನ ಸೂರಿಗೆ ತಾಗಿಕೊಂಡಿರುವ ಕ್ರೇನ್ ಕ್ಯಾಬಿನ್ನಿನಲ್ಲಿ ಕೂತು, ಗಾಜಿನ ನೆಲದಿಂದ ಕೆಳಗೆ ಇಣುಕುತ್ತಾರೆ. ಹೆಸರಿನಲ್ಲಿ ಸೋಲಿದೆ, ಕೈಯಲ್ಲಿಲ್ಲ. ಕಾಫಿ ಮಾತ್ರ ಇನ್ನೂ ಕುಡಿದಿಲ್ಲ. "ಮೇಲೆ ಟಾಯ್ಲೆಟ್ ಇಲ್ಲ ನೋಡಿ. ದೊಡ್ಡ ಭಾರ ಎತ್ತೋ ದಿನ ಕಾಫಿ ಏನಿದ್ರೂ ಕೆಳಗಿಳಿದ ಮೇಲೆ."

ಇವತ್ತಿನದು ದೊಡ್ಡದೇ. ಯುರೋಪಿನ ಹಲವು ದೇಶಗಳು ಕೂಡಿ ಇಲ್ಲೊಂದು ಪ್ರಾಯೋಗಿಕ ಅಣುಸ್ಥಾವರ ಕಟ್ಟುತ್ತಿವೆ, ಬಾಂಬಿಗಲ್ಲ, ಬಲ್ಬಿಗೆ. ಕೊಕ್ಕೆಗೆ ಜೋತುಬಿದ್ದಿರುವ ಅದರ ತುಂಡಿನ ಉಕ್ಕು ಜರ್ಮನಿಯದು, ಬೆಸುಗೆ ಇಟಲಿಯದು. ತೂಕ ನಲವತ್ತು ಆನೆಯಷ್ಟು. ಇಳಿಯಬೇಕಾದ ಗುಂಡಿಯಲ್ಲಿ ಸುತ್ತ ಉಳಿದಿರುವ ಜಾಗ ಒಂದು ಬೆರಳಿನಷ್ಟು. ಎಲ್ಲಾದರೂ ತಾಗಿತೋ, ವರ್ಷಗಟ್ಟಲೆ ದುಡಿದದ್ದು ಮರಳಿ ಕಾರ್ಖಾನೆಗೆ.

ಸೋಲಾಂಜ್ ಮೊದಲು ಸಮುದ್ರ ತೀರದ ಬಂದರಿನಲ್ಲಿ ಕಂಟೇನರ್ ಎತ್ತುತ್ತಿದ್ದವರು. ಅಲ್ಲಿನ ಕ್ರೇನುಗಳು ತಮ್ಮಷ್ಟಕ್ಕೆ ತಾವೇ ಎತ್ತಲು ಕಲಿತ ಮೇಲೆ ಕೆಲಸ ಹೋಯಿತು. ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ ಚೀಸು, ಬಟಾಣಿ ಡಬ್ಬ ಎತ್ತಿದ್ದೂ ಆಯಿತು. ಈಗ ದಿನವಿಡೀ ಬಗ್ಗಿ ನೋಡಿ ಕುತ್ತಿಗೆ ಹಿಡಿಯುತ್ತದೆ. ಭಾನುವಾರ ಮಗಳು ಕರ್ಪೂರದ ಎಣ್ಣೆ ತಿಕ್ಕುತ್ತಾಳೆ. "ಜನ ಎಲ್ಲ ನನಗೆ ಬರೀ ಹೆಲ್ಮೆಟ್ಟು. ಕ್ಯಾಂಟೀನಲ್ಲಿ ಹೆಲ್ಮೆಟ್ ತೆಗೆದು ಪಕ್ಕದಲ್ಲಿ ಕೂತ್ರೆ ಯಾರೋ ಹೊಸಬ್ರು ಅಂದ್ಕೋತೀನಿ."

ಅಷ್ಟೆತ್ತರಕ್ಕೆ ಮಾತು ಕೇಳಿಸುವುದಿಲ್ಲ. ವಾಕಿಟಾಕಿಯಲ್ಲಿ ಕೇಳಿಸಿದರೂ ಅದು ಏಳೆಂಟು ಭಾಷೆಯ ಕಲಸನ್ನ. ಹಾಗಾಗಿ ಇಲ್ಲಿ ಕೈಯೇ ಬಾಯಿ. ಮೊದಲ ವರ್ಷ ಎಲ್ಲರದೂ ಒಂದೇ ಕಿತ್ತಳೆ ಜಾಕೆಟ್ಟು, ಸನ್ನೆಗಾರ ಯಾರೆಂದು ಮೇಲಿನಿಂದ ಗೊತ್ತಾಗುತ್ತಿರಲಿಲ್ಲ. ಇಟಲಿಯ ಬೆಸುಗೆ ತಂಡದ ಎರ್ಮಿನಿಯೊ ಒಂದು ದಿನ ಗೆಳೆಯರಿಗೆ ಅತ್ತೆಯ ಅಡುಗೆ ವರ್ಣಿಸುತ್ತಾ ಐದೂ ಬೆರಳು ಕೂಡಿಸಿ ಕೈ ಮೇಲೆತ್ತಿದ. ಸೋಲಾಂಜ್ ಅದನ್ನೇ ಎತ್ತುವ ಸನ್ನೆ ಅಂದುಕೊಂಡು ಕೊಕ್ಕೆ ಎತ್ತಿದರು. ಪುಣ್ಯಕ್ಕೆ ಕೊಕ್ಕೆ ಖಾಲಿ. ಒಂದು ದೀಪ ಮಾತ್ರ ಪುಡಿಯಾಯಿತು.

"ಏನ್ ಮಾಡ್ತೀರಿ, ಅವನ ಕೈ ಕಟ್ಟಿದ್ರೆ ಬಾಯೂ ಕಟ್ಟುತ್ತೆ," ಎಂದು ಸೋಲಾಂಜ್ ಎರ್ಮಿನಿಯೊನ ಹಾಗೇ ಭುಜ ಕುಣಿಸಿ ತೋರಿಸುತ್ತಾರೆ. ಅಂದಿನಿಂದ ಶೆಡ್ಡಿನಲ್ಲಿ ಒಂದು ಪದ್ಧತಿ: ಭಾರ ಗಾಳಿಯಲ್ಲಿರುವಾಗ, ಸನ್ನೆಗಾರ ಯೋರಿಸ್‌ನೊಬ್ಬನನ್ನು ಬಿಟ್ಟು, ನಿರ್ದೇಶಕರಾದಿಯಾಗಿ ಎಲ್ಲರ ಕೈಯೂ ಜೇಬಿನಲ್ಲಿ. ನಿಲ್ಲಿಸು ಎಂದು ಎರಡೂ ಕೈ ಎತ್ತುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಯೋರಿಸ್ ಬೆಲ್ಜಿಯಂನವನು, ಸನ್ನೆಯಲ್ಲೂ ಜಿಪುಣ. ಅವನ ತೋರುಬೆರಳು ಕೆಳಗೆ ಬಾಗುತ್ತದೆ. ಭಾರ ಇಳಿಯುತ್ತದೆ, ಬಸುರಿ ಮೆಟ್ಟಿಲಿಳಿದ ಹಾಗೆ. ಎರ್ಮಿನಿಯೊನ ಕೈಗಳು ಜೇಬಿನೊಳಗೇ ಒದ್ದಾಡುತ್ತಿವೆ.

ಇದ್ದಕ್ಕಿದ್ದಂತೆ ಅವು ಹೊರಬರುತ್ತವೆ, ಎರಡೂ, ತಲೆಯ ಮೇಲೆ.

"ಶುರುವಾಯ್ತಪ್ಪಾ ಅತ್ತೆ ಪುರಾಣ!" ಯಾರೋ ನಗುತ್ತಾರೆ. ಯೋರಿಸ್‌ನ ಬೆರಳು ಇನ್ನೂ ಕೆಳಕ್ಕೇ ಬಾಗಿದೆ. ಸೋಲಾಂಜ್ ನಿಲ್ಲಿಸಿಬಿಡುತ್ತಾರೆ.

"ಯಾಕಮ್ಮಾ ನಿಲ್ಸಿದ್ರಿ?" ವಾಕಿಟಾಕಿಯಲ್ಲಿ ಯೋರಿಸ್ ರೇಗುತ್ತಾನೆ.

"ಎರಡು ಕೈ ಕಂಡವು ಮಾರಾಯಾ. ಯಾರದ್ದು ಅಂತ ನಾನ್ಯಾಕೆ ಕೇಳಲಿ? ಹೋಗಿ ನೋಡು."

ಯೋರಿಸ್ ಸುತ್ತಿ ಬಂದು ನೋಡುತ್ತಾನೆ. ಅವನ ಕಣ್ಣಿಗೆ ಮರೆಯಾಗಿದ್ದ, ಎರ್ಮಿನಿಯೊ ನಿಂತಿದ್ದ ಹಿಂಬದಿಯಲ್ಲಿ, ಭಾರ ಹೊತ್ತ ಪಟ್ಟಿಯೊಂದು ಜಾರಿ ಉಕ್ಕಿನ ಅಂಚಿಗೆ ಬಂದು ಉಜ್ಜುತ್ತಿದೆ. ಇನ್ನೊಂದು ಮಾರು ಇಳಿದಿದ್ದರೆ ಕತ್ತರಿಸಿಹೋಗುತ್ತಿತ್ತು. ಮೇಲೆತ್ತಿ, ಬದಿಗಿಟ್ಟು, ಹೊಸ ಪಟ್ಟಿ ಬಿಗಿದು ಮತ್ತೆ ಇಳಿಸುವಷ್ಟರಲ್ಲಿ ಮಧ್ಯಾಹ್ನ. ತುಂಡು ಎಲ್ಲೂ ತಾಗದೆ ತನ್ನ ಜಾಗದಲ್ಲಿ ಕೂರುತ್ತದೆ. ಕೆಳಗೆ ಚಪ್ಪಾಳೆ, ಗುಂಪಿನ ಫೋಟೊ. ಆ ಫೋಟೊದಲ್ಲಿ ಸೋಲಾಂಜ್ ಇಲ್ಲ. ಅವರು ಏಣಿಯ ಅರ್ಧದಲ್ಲಿದ್ದಾರೆ.

ಕ್ಯಾಂಟೀನಿನಲ್ಲಿ ಎರ್ಮಿನಿಯೊ ತಾನೇ ಕಾಫಿ ತಂದಿಡುತ್ತಾನೆ. "ಎಲ್ರೂ ನಕ್ರು, ನೀವೊಬ್ರೇ ನಂಬಿದ್ರಿ ಅಕ್ಕಾ."

"ನಿನ್ನನ್ನಲ್ಲಪ್ಪಾ, ನಿನ್ನ ಕೈಯನ್ನ. ಒಂದು ಸಲ ಮೋಸ ಮಾಡಿತ್ತು, ಸಾಲ ತೀರಿಸ್ತು."

ಪತ್ರಿಕೆಯಲ್ಲಿ ಹೆಸರು ಬರುತ್ತದೆ ಎಂದರೆ ಸೋಲಾಂಜ್ ಹುಬ್ಬು ಗಂಟಿಕ್ಕುತ್ತಾರೆ. "ಕ್ರೇನ್ ಓಡಿಸೋರ ಹೆಸರು ಪೇಪರಲ್ಲಿ ಬರೋದು ಏನಾದ್ರೂ ಬಿದ್ದಾಗ. ನನ್ನ ಆಸೆ ಇಷ್ಟೇ, ನನ್ನದು ಬಂದಿದ್ದು ನೋಡಿ ಜನ ಮೊದಲು ಗಾಬರಿಯಾಗಲಿ. ಆಮೇಲೆ ಕೊನೇ ತನಕ ಓದಿ, ಅರೆ, ಏನೂ ಬಿದ್ದೇ ಇಲ್ವಲ್ಲ ಅನ್ನಲಿ."